ನೌಕಾಪಡೆಯಿಲ್ಲದ ನಾಡಿನ ನೌಕೆಗಳು

ಪೆಸಿಫಿಕ್ ಮಹಾಸಾಗರದ ಯುದ್ಧವನ್ನು ಕುರಿತು ಬರೆಯುವವರು ಮಿಡ್‌ವೇಯಲ್ಲಿ ಉರಿದ ವಿಮಾನವಾಹಕಗಳನ್ನೂ ಮಿಸೌರಿ ನೌಕೆಯ ಮೇಲೆ ಜರುಗಿದ ಶರಣಾಗತಿಯ ಸಮಾರಂಭವನ್ನೂ ಸವಿಸ್ತಾರವಾಗಿ ವರ್ಣಿಸಿ ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಆ ಸಮಾರಂಭ ಮುಗಿದ ಮೇಲೂ ಜಪಾನಿನ ಕಡಲು ಕೊಲ್ಲುತ್ತಲೇ ಇದ್ದಿತು. 1945ರ ಮಾರ್ಚ್‌ನಿಂದ ಅಮೆರಿಕದ ಬಿ-29 ವಿಮಾನಗಳು ಶಿಮೊನೊಸೆಕಿ ಜಲಸಂಧಿಯಲ್ಲಿಯೂ ರೇವುಗಳ ಬಾಯಲ್ಲಿಯೂ ಸುಮಾರು 12,000 ಮೈನುಗಳನ್ನು, ಎಂದರೆ ಕಡಲಲ್ಲಿ ಹುದುಗಿಸುವ ಸಿಡಿಗುಂಡುಗಳನ್ನು, ಸುರಿದಿದ್ದವು. ಕಬ್ಬಿಣದ ಒಡಲು ಸಮೀಪಿಸಿದರೆ ಸಿಡಿಯುವವು ಕೆಲವು, ಯಂತ್ರದ ಸದ್ದಿಗೆ ಸಿಡಿಯುವವು ಕೆಲವು, ಮೇಲೆ ಹಡಗು ಹಾದು ನೀರಿನ ಒತ್ತಡ ಬದಲಾದೊಡನೆ ಸಿಡಿಯುವವು ಮತ್ತೆ ಕೆಲವು.

ಈ ಕಾರಣದಿಂದಲೇ, ಸಾಮ್ರಾಜ್ಯದ ನೌಕಾಸೇನೆಯನ್ನು ವಿಸರ್ಜಿಸಿದ ವಿಜೇತರು ಅದರ ಮೈನು ತೆಗೆಯುವ ದಳವನ್ನು ಮಾತ್ರ ಉಳಿಸಿಕೊಂಡರು. ಇಲಾಖೆಯಿಂದ ಇಲಾಖೆಗೆ ಅಲೆದ ಆ ದಳ 1948ರಲ್ಲಿ ಹೊಸದಾಗಿ ಹುಟ್ಟಿದ ಕಡಲ ಸುರಕ್ಷಾ ಇಲಾಖೆಯ ಆಶ್ರಯ ಸೇರಿತು. ಯುದ್ಧವನ್ನೇ ತ್ಯಜಿಸುವ ಸಂವಿಧಾನ ಅದಕ್ಕೆ ಒಂದು ವರ್ಷ ಮೊದಲೇ ಜಾರಿಗೆ ಬಂದಿದ್ದಿತು.

ಇನ್ನು ನನ್ನನ್ನು ಬಹುವಾಗಿ ಸೆಳೆದ ಪ್ರಸಂಗ. ಕೊರಿಯ ಯುದ್ಧದ ನಡುವೆ, 1950ರ ಅಕ್ಟೋಬರ್‌ನಲ್ಲಿ, ಉತ್ತರ ಕೊರಿಯದ ವೊನ್ಸಾನ್ ರೇವಿನ ಮುಂದೆ ಅಮೆರಿಕದ ಮಹಾ ನೌಕಾಸಮೂಹವೊಂದು, ಸೈನಿಕರನ್ನು ದಡಕ್ಕಿಳಿಸಲಾರದೆ, ದಿನಗಟ್ಟಲೆ ಹಿಂದುಮುಂದಾಗಿ ತೇಲುತ್ತ ನಿಂತಿತು. ಸೋವಿಯತ್ ರಷ್ಯದಿಂದ ಬಂದ ಸುಮಾರು 3,000 ಮೈನುಗಳು ಅಲ್ಲಿ ಹರಡಿದ್ದವು; ಅವುಗಳಲ್ಲಿ ಹೆಚ್ಚಿನವು ಹಳೆಯ ಕಾಲದ ಮಾದರಿಯವು. 12ರಂದು ಅಮೆರಿಕದ ಪೈರೇಟ್, ಪ್ಲೆಜ್ ಎಂಬ ಎರಡು ಮೈನು ತೆಗೆಯುವ ಹಡಗುಗಳು ಮುಳುಗಿದವು. ದಕ್ಷಿಣ ಕೊರಿಯದ ಪಡೆಗಳು ಭೂಮಾರ್ಗದಿಂದ ಊರನ್ನು ಆಗಲೇ ಹಿಡಿದಿದ್ದವು. ಹಾಸ್ಯನಟ ಬಾಬ್ ಹೋಪ್ ಕೂಡ ಹಡಗಿನಲ್ಲಿದ್ದ ಸೈನಿಕರಿಗಿಂತ ಮುಂಚೆ ಅಲ್ಲಿಗೆ ಬಂದು ವಿನೋದ ನಡೆಸಿದ್ದು, ಪ್ರಹಸನಕಾರನೂ ಕಲ್ಪಿಸಲು ಅಂಜುವ ಸಂಗತಿ.

ಈ ವಿಪತ್ತನ್ನು ಮುಂಚಿತವಾಗಿ ಊಹಿಸಿದ್ದ ಅಮೆರಿಕದ ಅಡ್ಮಿರಲ್ ಆರ್ಲೀ ಬರ್ಕ್, ಸುರಕ್ಷಾ ಇಲಾಖೆಯ ಮುಖ್ಯಾಧಿಕಾರಿ ಓಕುಬೊ ತಕೆಯೊ ಅವರನ್ನು ಕರೆಸಿ ದೋಣಿಗಳನ್ನು ಬೇಡಿದರು. ಜಪಾನಿನ ಪ್ರಧಾನಿ ಯೊಶಿದ, ಶಾಂತಿ ಒಪ್ಪಂದದ ಆಸೆಯಿಂದ, ಗುಟ್ಟಾಗಿ ಸಮ್ಮತಿಸಿದರು. ಮರದ ಒಡಲಿನ ಪುಟ್ಟ ದೋಣಿಗಳು ಹೊರಟವು. ಎರಡು ದೋಣಿಗಳು ನಡುವೆ ಉಕ್ಕಿನ ಹಗ್ಗವನ್ನೆಳೆಯುತ್ತ ಸಾಗಬೇಕು. ಕಡಲತಳಕ್ಕೆ ಕಟ್ಟಿದ ಮೈನು ಸರಪಣಿ ಕಡಿದು ಮೇಲೆ ತೇಲಿದರೆ ಅದನ್ನು ಗುಂಡು ಹೊಡೆದು ಸಿಡಿಸಬೇಕು. ಅಕ್ಟೋಬರ್ 17ರ ಅಪರಾಹ್ನ ಎಂ.ಎಸ್. 14 ಎಂಬ ದೋಣಿ ಮೈನಿಗೆ ತಾಗಿ ಛಿದ್ರವಾಯಿತು. 18 ಜನ ಗಾಯಗೊಂಡರು, ಅಡುಗೆಯ ಕೆಲಸಕ್ಕಿದ್ದ ತರುಣನೊಬ್ಬ ಮಡಿದ. ತಮ್ಮದಲ್ಲದ ಯುದ್ಧದಲ್ಲಿ ಸಾಯಲು ಒಲ್ಲೆವೆಂದು ಮೂರು ದೋಣಿಗಳು ಆಜ್ಞೆ ಮೀರಿ ಊರ ದಾರಿ ಹಿಡಿದವು. ಆ ನಾವಿಕರನ್ನು ಹೇಡಿಗಳೆನ್ನಲು ನನಗೆ ನಾಲಗೆ ಬಾರದು. ಸಂವಿಧಾನದ ಅಕ್ಷರವನ್ನು ಆ ದಿನ ಪಾಲಿಸಿದವರು ಬಹುಶಃ ಅವರು ಮಾತ್ರ.

ಮಡಿದವನ ವಿಷಯದಲ್ಲಿ ನಡೆದದ್ದು ಮಾತ್ರ ಕ್ಷಮೆಗೆ ಅರ್ಹವಲ್ಲ. ಅವನ ಮರಣದ ನಿಜವಾದ ಸ್ಥಳವನ್ನು ಹೊರಗೆಡಹಕೂಡದೆಂದು ಮನೆಯವರ ಬಾಯಿ ಕಟ್ಟಿದರು. 1978ರಲ್ಲಿ ಓಕುಬೊ ತಮ್ಮ ನೆನಪುಗಳನ್ನು ಗ್ರಂಥರೂಪದಲ್ಲಿ ಬರೆಯುವವರೆಗೆ ಈ ವೃತ್ತಾಂತದ ವಿವರಗಳು ಜನಸಾಮಾನ್ಯರನ್ನು ತಲುಪಲಿಲ್ಲ. ಗುಟ್ಟಿನ ಫಲವೋ ಬೇಗನೆ ದೊರೆಯಿತು: 1951ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಪ್ಪಂದಕ್ಕೆ ಸಹಿ ಬಿದ್ದಿತು, 1954ರಲ್ಲಿ ಕಡಲ ಆತ್ಮರಕ್ಷಣಾ ಪಡೆ ರೂಪುಗೊಂಡಿತು, ಮೈನು ತೆಗೆಯುವ ಅನುಭವಿಗಳು ಅದರ ತಳಹದಿಯಲ್ಲಿದ್ದರು. 1991ರಲ್ಲಿ ಅದೇ ಪಡೆಯ ಆರು ನೌಕೆಗಳು ಪರ್ಷಿಯ ಕೊಲ್ಲಿಯ ಮೈನು ತೆಗೆಯಲು ಹೋದುದನ್ನು ಆತ್ಮರಕ್ಷಣಾ ಪಡೆಯ ಪ್ರಥಮ ಸಾಗರೋತ್ತರ ಕಾರ್ಯಾಚರಣೆಯೆಂದು ಗಣಿಸುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ, 1950ರಲ್ಲಿ ಆ ಹೆಸರಿನ ಪಡೆ ಹುಟ್ಟಿರಲೇ ಇಲ್ಲವಲ್ಲ!