ಏಳು ಆಲ್ಬಮ್, ಎರಡು ಬಿಸ್ಕತ್ತು ಡಬ್ಬ

ಮೊನ್ನೆ ಕಪಾಟು ಖಾಲಿ ಮಾಡುವಾಗ ಮನೆಯವಳು ಕೇಳಿದ್ದು ಒಂದೇ ಮಾತು: "ಇದನ್ನು ಗುಜರಿಯವನಿಗೆ ಕೊಡುವುದಾ, ಇಡುವುದಾ?" ಇದು ಎಂದರೆ ನಮ್ಮ ಅಂಚೆಚೀಟಿಗಳು. ಏಳು ಆಲ್ಬಮ್, ಎರಡು ಬಿಸ್ಕತ್ತು ಡಬ್ಬ.

ಕರಾವಳಿಯಿಂದ ವ್ಯಾಪಾರಕ್ಕೆಂದು ಬಂದು ನಂಜನಗೂಡಿನಲ್ಲೇ ನೆಲೆಸಿದವರು ನಾವು. ಪ್ರಾಯ ಎಪ್ಪತ್ತು ದಾಟಿತು. ಗಲ್ಫಿನಲ್ಲಿರುವ ಮಗನಿಗೆ ಫೋನಿನಲ್ಲಿ ಕೇಳಿದರೆ "ಬೇಡ ಬಾಪ, ಇಲ್ಲಿ ಫ್ಲ್ಯಾಟಿನಲ್ಲಿ ಜಾಗ ಎಲ್ಲಿದೆ" ಎಂದ. ಟಿ. ನರಸೀಪುರದ ಮಗಳಿಗೆ ಆಸೆ ಇದೆ, ಆದರೆ ಮನೆಯ ಗೋಡೆಯಲ್ಲಿ ತೇವ. ಕಾಗದಕ್ಕೆ ತೇವವೇ ಶತ್ರು. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ನಾವು ಮೊದಲು ಅಟ್ಟಕ್ಕೆ ಏರಿಸಿದ್ದು ಮನೆಪತ್ರ, ಆಮೇಲೆ ಈ ಆಲ್ಬಮ್‌ಗಳನ್ನೇ. ಅಕ್ಕಿಮೂಟೆ ಕೆಳಗೇ ಉಳಿದಿತ್ತು! ಆ ಮಾತು ಈಗಲೂ ಕೇಳಿಸಿಕೊಳ್ಳುತ್ತೇವೆ.

ಸರಿ, ಮಾರೋಣ ಎಂದು ಮೈಸೂರಿನ ವ್ಯಾಪಾರಿಯೊಬ್ಬರಿಗೆ ತೋರಿಸಿದೆವು. ನಾವು ಎದೆಗೊತ್ತಿ ಇಟ್ಟುಕೊಂಡಿದ್ದ ಅಜ್ಮಾನ್, ಫುಜೈರಾ, ಉಮ್ಮುಲ್ ಖುವೈನ್‌ನ ದೊಡ್ಡ ದೊಡ್ಡ ಬಣ್ಣದ ಚೀಟಿಗಳನ್ನು ಅವರು ಬೆರಳಿನಿಂದ ಪಕ್ಕಕ್ಕೆ ಸರಿಸಿಬಿಟ್ಟರು. ಯುಎಇ ಒಕ್ಕೂಟ ಆಗುವ ಮುಂಚೆ, 1960ರ ದಶಕದಲ್ಲಿ, ಆ ಪುಟ್ಟ ರಾಜ್ಯಗಳ ಹೆಸರಿನಲ್ಲಿ ಸಂಗ್ರಹಕಾರರಿಗೆಂದೇ ರಾಶಿ ರಾಶಿ ಅಚ್ಚು ಹಾಕಿಸಿದ ಮಾಲು ಅದು. ಅದರಲ್ಲಿ ಎಷ್ಟೋ ಕಾಗದಕ್ಕೆ ಅಂಟಿದ್ದೇ ಇಲ್ಲ, ಮುದ್ರೆ ಹೊಡೆದೇ ಮಾರಾಟಕ್ಕೆ ಬಂದಿದ್ದವು. 1974ರ ಟಿಪ್ಪು ಸುಲ್ತಾನ್ ಚೀಟಿ, 50 ಪೈಸೆಯದು, ನಮಗೆ ಪ್ರಾಣ. ಅದಕ್ಕೂ ಬೆಲೆ ಇಲ್ಲವಂತೆ. 1948ರ ಆಗಸ್ಟ್ 15ರಂದು ಬಂದ ಗಾಂಧೀಜಿಯ ನಾಲ್ಕು ಚೀಟಿಗಳಲ್ಲಿ ಹಣ ತರುವುದು 10 ರೂಪಾಯಿಯದು. ನಮ್ಮಲ್ಲಿರುವುದು ಒಂದೂವರೆ ಆಣೆಯದು. ಇರಲಿ, ಹಿಂದಿಯಲ್ಲೂ ಉರ್ದುವಿನಲ್ಲೂ 'ಬಾಪು' ಎಂದು ಬರೆದಿರುವ ಆ ಚೀಟಿಯನ್ನು ನೋಡುವುದಕ್ಕೇ ಒಂದು ಖುಷಿ.

ಅವರು ಕೇಳಿದ್ದು ಬೇರೆ: "ಲಕೋಟೆ ಇಲ್ವಾ?"

ಅಲ್ಲೇ ನಮ್ಮ ಹೊಟ್ಟೆ ಚುರ್ ಎಂದಿತು. ಅಣ್ಣ ದುಬೈಗೆ ಹೋದ ಮೇಲೆ ತಿಂಗಳಿಗೊಂದು ಕಾಗದ ಬರುತ್ತಿತ್ತು. ಉಮ್ಮನಿಗೆ ಓದಿ ಹೇಳುವುದು ನಮ್ಮ ಕೆಲಸ. ಓದಿ ಮುಗಿದ ಕೂಡಲೇ ಲಕೋಟೆಯ ಮೂಲೆ ಕತ್ತರಿಸಿ ನೀರಿಗೆ ಹಾಕಿ ಚೀಟಿ ಬಿಡಿಸುತ್ತಿದ್ದೆವು. ಉಳಿದದ್ದು ಒಲೆಗೆ. ಊರಿನ ಮುದ್ರೆ, ತಾರೀಖು, ವಿಳಾಸ ಎಲ್ಲ ಕೂಡಿದ ಇಡೀ ಲಕೋಟೆಗೆ ಚೀಟಿಗಿಂತ ಬೆಲೆ ಬರುವುದುಂಟು ಎಂದು ಆಗ ಹೇಳಿದವರಿಲ್ಲ. ಬೆಲೆಯ ಮಾತು ಬಿಡಿ ಮಾರಾಯ್ರೆ, ಅಣ್ಣ ತೀರಿಹೋಗಿ ವರ್ಷಗಳಾದವು. ಅವನ ಕೈಬರಹ ನಮ್ಮಲ್ಲಿ ಉಳಿದಿಲ್ಲ, ಅವನು ಹಚ್ಚಿದ ಚೀಟಿ ಮಾತ್ರ ಉಳಿದಿದೆ. ನಿಮ್ಮ ಅಟ್ಟದಲ್ಲಿ ಗಲ್ಫಿನ ಹಳೆಯ ಕಾಗದಗಳಿದ್ದರೆ ಕತ್ತರಿ ಹಾಕಬೇಡಿ. ಮೈಸೂರು ಸರ್ಕಾರದ ಕಾಲದ ಛಾಪಾ ಕಾಗದದ ಪತ್ರಗಳಿದ್ದರೂ ಅಷ್ಟೇ, ಇಡಿಯಾಗಿಯೇ ಇಡಿ.

ಮಾರುವ ಯೋಚನೆ ಅಲ್ಲಿಗೆ ಕೈಬಿಟ್ಟೆವು. ಹಾಗೆಂದು ಸುಮ್ಮನಿರಲಿಕ್ಕೂ ಆಗುವುದಿಲ್ಲ. ಇದೂ ಸೊತ್ತೇ ತಾನೆ, ನಾಳೆ ನಾವು ಕಣ್ಣು ಮುಚ್ಚಿದರೆ ವಾರಸುದಾರರಿಗೆ ಪಾಲಾಗಬೇಕು. ಹೊರಗಿನವರಿಗೆ ವಸಿಯ್ಯತ್ ಮಾಡಿದರೆ ಮೂರನೇ ಒಂದು ಪಾಲಿನ ಲೆಕ್ಕ ಬರುತ್ತದೆ. ಬದುಕಿರುವಾಗಲೇ, ಮಕ್ಕಳಿಗೆ ಹೇಳಿ, ಕೈಯಾರೆ ಕೊಟ್ಟುಬಿಟ್ಟರೆ ರಗಳೆ ಇಲ್ಲ.

ಆಗ ಮಗಳೇ ದಾರಿ ಹೇಳಿದಳು. ಅಂಚೆ ಇಲಾಖೆ 2017ರಲ್ಲಿ ಶುರುಮಾಡಿದ ದೀನ್ ದಯಾಳ್ ಸ್ಪರ್ಶ್ ಯೋಜನೆಯಲ್ಲಿ, ಅಂಚೆಚೀಟಿಯ ಹವ್ಯಾಸ ಇರುವ ಆರರಿಂದ ಒಂಬತ್ತನೇ ತರಗತಿಯ ಮಕ್ಕಳನ್ನು ಕ್ವಿಜ್, ಪ್ರಾಜೆಕ್ಟ್ ಮೂಲಕ ಆರಿಸಿ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಾರೆ. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇರಬೇಕು, ಇಲ್ಲದಿದ್ದರೆ ಮಗುವಿನ ಹೆಸರಿನಲ್ಲಿ ಅಂಚೆಯಲ್ಲಿ ಫಿಲಾಟೆಲಿ ಖಾತೆ ಇರಬೇಕು. ಮಗಳ ಮಕ್ಕಳು ಓದುವ ಶಾಲೆಯ ಮೇಷ್ಟ್ರು "ಕೊಡಿ, ಕ್ಲಬ್ ಮಾಡ್ತೀವಿ" ಎಂದರು. ಕೊಟ್ಟ ಮೇಲೆ ಬೀರುವಿನಲ್ಲಿ ಕೊಳೆತರೆ? ಆ ಭಯ ಇದೆ. ಅದಕ್ಕೆ ಐದು ಆಲ್ಬಮ್ ಮಾತ್ರ, ಪುಟದ ಲೆಕ್ಕ ಬರೆದು, ನರಸೀಪುರದ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋಗಿ ಒಪ್ಪಿಸಿ ಬಂದೆವು. ವ್ಯಾಪಾರಿ ಸರಿಸಿಬಿಟ್ಟ ಅಜ್ಮಾನಿನ ಚೀಟಿಗಳಿಗೇ ಅಲ್ಲಿ ಮಕ್ಕಳು ಮುಗಿಬಿದ್ದರು, ರಾಕೆಟ್ ಚಿತ್ರ ಇತ್ತಲ್ಲ.

ಉಳಿದೆರಡು ಆಲ್ಬಮ್ ಏನು ಮಾಡುವುದೆಂದು ಇನ್ನೂ ಗೊತ್ತಾಗಿಲ್ಲ. ಬಿಸ್ಕತ್ತು ಡಬ್ಬದ ತಳದಲ್ಲಿ ಮಾತ್ರ ಕತ್ತರಿಗೆ ಸಿಗದೆ ಉಳಿದ ಒಂದು ಲಕೋಟೆ ಸಿಕ್ಕಿತು. ದುಬೈಯ ಮುದ್ರೆ, ಅಣ್ಣನ ಅಕ್ಷರದಲ್ಲಿ ನಮ್ಮ ವಿಳಾಸ, ಒಳಗೆ ಕಾಗದ ಇಲ್ಲ. ಅದನ್ನು ಮನೆಯವಳೇ ತೆಗೆದು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಳೆ.