ಗಡಿಯಾರ ಮರೆತ ಊರು

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಸಮೀಪ ಮಾರಿಯೆನ್‌ಟಾಲ್ ಎಂಬ ಪುಟ್ಟ ಊರು. ಊರಿಗೆಲ್ಲ ಅನ್ನ ಕೊಡುತ್ತಿದ್ದುದು ಒಂದೇ ಒಂದು ಬಟ್ಟೆ ಗಿರಣಿ. ಆರ್ಥಿಕ ಮುಗ್ಗಟ್ಟಿನ ಹೊಡೆತಕ್ಕೆ 1929–30ರಲ್ಲಿ ಅದು ಬಾಗಿಲು ಮುಚ್ಚಿತು. ಊರಿನ 478 ಕುಟುಂಬಗಳಲ್ಲಿ ಮುಕ್ಕಾಲು ಪಾಲಿಗೆ ಖಾಯಂ ದುಡಿಮೆಯೇ ಇಲ್ಲದಾಯಿತು.

1931ರಲ್ಲಿ ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಜಲ್ ಮತ್ತು ಅವರ ಸಂಗಡಿಗರು ಈ ಊರಿಗೆ ಬಂದರು. ಬರಿಯ ಪ್ರಶ್ನೆ ಕೇಳಿ ಹೋದವರಲ್ಲ. ಬಟ್ಟೆ ಹಂಚಿದರು, ಉಚಿತ ವೈದ್ಯಕೀಯ ನೆರವು ಕೊಡಿಸಿದರು. ಮರೆಯಲ್ಲಿ ನಿಂತು, ಬೀದಿಯಲ್ಲಿ ಹೋಗುವವರ ನಡಿಗೆಯ ವೇಗವನ್ನೂ ಅಳೆದರು!

ಕೈತುಂಬ ಬಿಡುವಿದ್ದವರು ಹೆಚ್ಚು ಓದಬೇಕಲ್ಲವೆ? ಆದದ್ದು ತಿರುಗುಮುರುಗು. ಗ್ರಂಥಾಲಯದ ಶುಲ್ಕ ತೆಗೆದುಹಾಕಿದರೂ ಪುಸ್ತಕ ಒಯ್ಯುವುದು ಎರಡೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರು ನಾಲ್ಕು ಹೆಜ್ಜೆ ನಡೆದು ನಿಲ್ಲುವರು, ಮತ್ತೆ ನಡೆಯುವರು. ನೂರು ಗಂಡಸರಲ್ಲಿ 88 ಮಂದಿಯ ಬಳಿ ಗಡಿಯಾರವಿರಲಿಲ್ಲ. ಹೊತ್ತು ನೋಡಿ ಆಗಬೇಕಾದುದೇನಿತ್ತು? ಹೆಂಗಸರು ಮಾತ್ರ ಬಿರುಸಾಗಿ ನಡೆಯುತ್ತಿದ್ದರು. ಅಡುಗೆ, ಒಗೆತ, ಮಕ್ಕಳ ಆರೈಕೆ – ಅವರ ಕೆಲಸವನ್ನು ಯಾವ ಗಿರಣಿಯೂ ಕಸಿದಿರಲಿಲ್ಲ.

ಕ್ರಿಸ್‌ಮಸ್‌ಗೆ ಏನು ಬೇಕೆಂದು ಶಾಲಾ ಮಕ್ಕಳಿಂದ ಬರೆಸಿದಾಗ, ಇಲ್ಲಿಯ ಮಕ್ಕಳ ಬಯಕೆಗಳ ಬೆಲೆ ನೆರೆಯೂರುಗಳ ಮಕ್ಕಳದರ ಮೂರನೆಯ ಒಂದು ಪಾಲಿನಷ್ಟಿತ್ತು. ಅದನ್ನೂ ಹಲವರು 'ಅಪ್ಪನಿಗೆ ಕೆಲಸವಿದ್ದಿದ್ದರೆ' ಎಂಬ ಧಾಟಿಯಲ್ಲಿ ಬರೆದಿದ್ದರು. ಮಕ್ಕಳಿಗೆ ತಿಳಿಯದಿರಲಿ ಎಂದು ಪಿಸುಮಾತಿನಲ್ಲಿ ಕಷ್ಟ ಹೇಳಿಕೊಳ್ಳುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಕೆಲಸವೆಂದರೆ ಸಂಬಳವಷ್ಟೇ ಅಲ್ಲ ಎಂಬುದು ಯಹೋಡಾ ಮುಂದೆ ಕೊಟ್ಟ ವಿವರಣೆ. ದಿನಕ್ಕೊಂದು ಕಟ್ಟುಪಾಡು, ಮನೆಯಾಚೆಯ ಒಡನಾಟ, ನಾಲ್ವರೊಡನೆ ಕೂಡಿ ಮಾಡುವ ಗುರಿ, ತನಗೊಂದು ಸ್ಥಾನ, ಕೈಗೆ ಚಟುವಟಿಕೆ – ಇವೆಲ್ಲ ಒಟ್ಟಿಗೇ ತಪ್ಪಿಹೋಗುತ್ತವೆ. ಕೆಲಸ ಹೋಗಬಹುದೆಂಬ ಅನಿಶ್ಚಯವೂ ಮನಸ್ಸನ್ನು ಕುಗ್ಗಿಸುತ್ತದೆಂದು ಅನಂತರದ ಅಧ್ಯಯನಗಳು ತೋರಿಸಿವೆ. ಒಂದು ಕಡೆ ತೆಗೆದುಹಾಕುವವರ ಪಟ್ಟಿಯನ್ನು ಗುಟ್ಟಾಗಿ ತಯಾರಿಸುತ್ತ, ಇನ್ನೊಂದು ಕಡೆ ನೌಕರರಿಗೆ ಧ್ಯಾನದ ತರಗತಿ ನಡೆಸಿದರೆ ಏನು ಬಂತು?

ಬೇರೆ ದಾರಿಯಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರು ಕಂಪನಿ 1993ರಲ್ಲಿ ನಷ್ಟಕ್ಕೆ ಸಿಲುಕಿದಾಗ ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡು, ವಾರದ ದುಡಿಮೆಯನ್ನು 36 ಗಂಟೆಯಿಂದ 28.8 ಗಂಟೆಗೆ ಇಳಿಸಿತು. ವರಮಾನವೂ ಇಳಿಯಿತು, ನಿಜ. ಆದರೆ ಸುಮಾರು 30,000 ಮಂದಿಯ ಕೆಲಸ ಉಳಿಯಿತು. ಕೆಲಸವನ್ನು ಹೀಗೆ ಹಂಚಿಕೊಂಡರೆ ಮನಸ್ಸಿಗೂ ಲಾಭವೇ? ಬ್ರಿಟನ್ನಿನ 70,000ಕ್ಕೂ ಹೆಚ್ಚು ಜನರ ಮಾಹಿತಿ ಪರಿಶೀಲಿಸಿ ಕೇಂಬ್ರಿಜ್ ಮತ್ತಿತರ ವಿಶ್ವವಿದ್ಯಾಲಯಗಳ ಸಂಶೋಧಕರು 2019ರಲ್ಲಿ ಕೊಟ್ಟ ಉತ್ತರ: ಕೆಲಸದಿಂದ ಮನಸ್ಸಿಗೆ ಸಿಗುವ ಆರೋಗ್ಯ ವಾರಕ್ಕೆ ಎಂಟು ಗಂಟೆಯ ದುಡಿಮೆಯಿಂದಲೇ ಸಿಗಬಲ್ಲದು.

ಮಾರಿಯೆನ್‌ಟಾಲ್ ಈಗ ಗ್ರಾಮಟ್‌ನಾಯ್‌ಸೀಡ್ಲ್ ಊರಿನ ಭಾಗ. 2020ರ ಅಕ್ಟೋಬರ್‌ನಲ್ಲಿ ಅಲ್ಲಿಯೇ ಇನ್ನೊಂದು ಪ್ರಯೋಗ ಆರಂಭವಾಯಿತು: ದೀರ್ಘಕಾಲ ನಿರುದ್ಯೋಗಿಗಳಾಗಿದ್ದ ಎಲ್ಲರಿಗೂ, ಒಪ್ಪುವುದಾದರೆ, ಸಂಬಳದ ಕೆಲಸ. ಸೇರಿದವರ ದಿನಚರಿಗೆ ಮತ್ತೆ ಒಂದು ಕ್ರಮ ಬಂತು, ಒಡನಾಟ ಹೆಚ್ಚಿತು, ಮನಸ್ಸು ಚೇತರಿಸಿಕೊಂಡಿತು.

ನಮ್ಮಲ್ಲಿ ಇಂಥ ಸಂಕಟದಲ್ಲಿ ಮನಸ್ಸು ಕುಗ್ಗಿದವರಿಗಾಗಿ 2022ರ ಅಕ್ಟೋಬರ್‌ನಲ್ಲಿ 'ಟೆಲಿ ಮಾನಸ್' ದೂರವಾಣಿ ಸೇವೆ ಆರಂಭವಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.