ದೊಡ್ಡ ಕಣ್ಣಿನ ತವರುಮನೆ ಯಾವುದು?

ಅಮೆರಿಕದ ಯಾವುದೋ ಕಾರ್ಟೂನಿನಲ್ಲಿ ಕಣ್ಣು ತುಸು ದೊಡ್ಡದಾಗಿ, ಕೂದಲು ಮುಳ್ಳುಮುಳ್ಳಾಗಿ ಕಂಡರೆ ಸಾಕು, ‘ಜಪಾನಿನ ಅನಿಮೆ ನೋಡಿ ಕಲಿತದ್ದು’ ಎಂಬ ತೀರ್ಪು ಹೊರಬೀಳುತ್ತದೆ. ತೀರ್ಪು ಪೂರಾ ಸುಳ್ಳೇನಲ್ಲ. ಅಮೆರಿಕದ ಕಾರ್ಟೂನುಗಳ ಮೇಲೆ ಜಪಾನಿನ ಪ್ರಭಾವ ಆಗಿದೆ, ಗಾಢವಾಗಿಯೇ ಆಗಿದೆ. ಆದರೆ ಜನ ಬೆರಳು ಮಾಡಿ ತೋರಿಸುವ ಜಾಗದಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಇರುವ ಜಾಗ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ನಂಬಿಕೆ: ದೊಡ್ಡ ಕಣ್ಣುಗಳು ಜಪಾನೀಯರ ಸೃಷ್ಟಿ

ಜಪಾನಿನ ಆಧುನಿಕ ಕಾಮಿಕ್ಸ್‌ಗೂ ಟೀವಿ ಅನಿಮೆಗೂ ಅಡಿಪಾಯ ಹಾಕಿದವರು ಒಸಾಮು ತೆಜುಕಾ (1928–1989). ವೈದ್ಯಕೀಯ ಓದಿ, ಡಾಕ್ಟರಿಕೆ ಬಿಟ್ಟು ಚಿತ್ರ ಬರೆಯಲು ಕೂತ ಮನುಷ್ಯ. ಚಿಕ್ಕಂದಿನಲ್ಲಿ ಮನೆಯ ಪ್ರೊಜೆಕ್ಟರಿನಲ್ಲಿ ಅವರು ನೋಡಿ ಬೆಳೆದದ್ದು ಅಮೆರಿಕದ ಕಾರ್ಟೂನುಗಳನ್ನು. ಡಿಸ್ನಿ ಎಂದರೆ ಅವರಿಗೆ ಹುಚ್ಚು, ಫ್ಲೈಷರ್ ಸೋದರರ ಬೆಟ್ಟಿ ಬೂಪ್ ಎಂದರೂ ಅಷ್ಟೇ. 1942ರ ‘ಬ್ಯಾಂಬಿ’ 1951ರಲ್ಲಿ ಜಪಾನಿಗೆ ಬಂದಾಗ ಹತ್ತಾರು ಸಲ ನೋಡಿದರು, ಆಮೇಲೆ ಅದನ್ನೇ ಕಾಮಿಕ್ಸ್ ಮಾಡಿದರು.

ಬ್ಯಾಂಬಿಯ ಮುಖವನ್ನು ಒಮ್ಮೆ ಗಮನವಿಟ್ಟು ನೋಡಿ. ಜಿಂಕೆಮರಿಯ ಕಣ್ಣು ಮುಖದ ದೊಡ್ಡ ಪಾಲನ್ನೇ ನುಂಗಿದೆ. ಕಪ್ಪು ಗುಡ್ಡೆಯ ಮೇಲ್ಗಡೆ ಒಂದು ಬಿಳಿ ಹೊಳಪು. ಹೆದರಿಕೆ, ಕುತೂಹಲ, ದುಃಖ ಎಲ್ಲವನ್ನೂ ಆ ಹೊಳಪಿನಲ್ಲೇ ತೋರಿಸಲಾಗಿದೆ. ತೆಜುಕಾ ಅವರ ‘ಆಸ್ಟ್ರೋ ಬಾಯ್’ ಹುಡುಗನ ಮುಖದ ಮೇಲೆ ಇರುವುದು ಇದೇ ಕಣ್ಣು. ತಲೆಯ ಮೇಲಿನ ಎರಡು ಚೂಪು ಜುಟ್ಟುಗಳ ಕಥೆಯೂ ಹೀಗೆಯೇ. ಡಿಸ್ನಿಯ ಮಿಕ್ಕಿ ಮೌಸ್‌ನ ಕಿವಿಗಳು ಯಾವ ಕಡೆಯಿಂದ ನೋಡಿದರೂ ದುಂಡಗೇ ಕಾಣುವಂತೆ, ಆಸ್ಟ್ರೋ ಯಾವ ದಿಕ್ಕಿಗೆ ಮುಖ ಮಾಡಿದರೂ ಎರಡು ಜುಟ್ಟೂ ಕಾಣಲೇಬೇಕು. ಅಂಗರಚನೆಯ ಪ್ರಕಾರ ಅದು ಅಸಾಧ್ಯ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ ಅನ್ನುವುದು ಬೇರೆ ಮಾತು.

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ಅಮೆರಿಕಕ್ಕೆ ಕಟ್ಟುವುದು ಇನ್ನೊಂದು ತಪ್ಪು. ಯುದ್ಧಕ್ಕೂ ಮುಂಚೆ, 1930ರ ದಶಕದಲ್ಲೇ, ಜುನ್‌ಇಚಿ ನಕಹಾರಾ ಎಂಬ ಕಲಾವಿದ ಜಪಾನಿನ ಹುಡುಗಿಯರ ಪತ್ರಿಕೆಗಳಿಗೆ ಅಗಲಗಣ್ಣಿನ, ತೆಳುಮೈಯ ಯುವತಿಯರನ್ನು ಬರೆಯುತ್ತಿದ್ದರು. ತೆಜುಕಾ ಬೆಳೆದ ತಕರಾಜುಕಾ ಊರಿನಲ್ಲಿ ಹೆಂಗಸರೇ ಎಲ್ಲ ಪಾತ್ರ ಮಾಡುವ ಪ್ರಸಿದ್ಧ ನಾಟಕ ಮಂಡಳಿಯಿತ್ತು. ರಂಗದ ಬೆಳಕಿನಲ್ಲಿ ಮಿಂಚುವ, ಬಣ್ಣ ಬಳಿದ ಆ ಕಣ್ಣುಗಳೂ ಅವರ ಕುಂಚಕ್ಕೆ ಇಳಿದಿವೆ.

ಇನ್ನು ‘ಪವರ್‌ಪಫ್ ಗರ್ಲ್ಸ್’. 1998ರಲ್ಲಿ ಶುರುವಾದ ಈ ಕಾರ್ಟೂನಿನ ಮೂವರು ಹುಡುಗಿಯರಿಗೆ ಮುಖವೇ ಕಣ್ಣು. ಅನಿಮೆ ಪ್ರಭಾವಕ್ಕೆ ಉದಾಹರಣೆ ಕೇಳಿದರೆ ಹತ್ತರಲ್ಲಿ ಎಂಟು ಜನ ಹೇಳುವುದು ಇದನ್ನೇ. ಆದರೆ ಇದರ ಕರ್ತೃ ಕ್ರೇಗ್ ಮೆಕ್‌ಕ್ರ್ಯಾಕನ್ ಆ ಕಣ್ಣುಗಳನ್ನು ತಂದದ್ದು ಅಮೆರಿಕದ ಚಿತ್ರಕಾರ್ತಿ ಮಾರ್ಗರೆಟ್ ಕೀನ್ ಅವರಿಂದ. 1960ರ ದಶಕದಲ್ಲಿ ತಟ್ಟೆಯಷ್ಟು ಅಗಲದ, ನೀರು ತುಂಬಿದ ಕಣ್ಣಿನ ಮಕ್ಕಳ ಚಿತ್ರಗಳು ಅಲ್ಲಿ ಮನೆಮನೆಯ ಗೋಡೆಯಲ್ಲಿದ್ದವು. ಬರೆದವಳು ಹೆಂಡತಿ, ಹೆಸರು ಹಾಕಿಕೊಂಡವನು ಗಂಡ ವಾಲ್ಟರ್. ಕೊನೆಗೆ 1986ರಲ್ಲಿ ಹೊನೊಲುಲುವಿನ ನ್ಯಾಯಾಲಯ ‘ಇಬ್ಬರೂ ಇಲ್ಲೇ ಬರೆದು ತೋರಿಸಿ’ ಎಂದಿತು. ವಾಲ್ಟರ್‌ಗೆ ಅಂದೇ ಭುಜನೋವು ಬಂತು. ಮಾರ್ಗರೆಟ್ 53 ನಿಮಿಷದಲ್ಲಿ ಚಿತ್ರ ಮುಗಿಸಿಟ್ಟರು. ಪವರ್‌ಪಫ್ ಹುಡುಗಿಯರ ಟೀಚರಿಗೆ ಮಿಸ್ ಕೀನ್ ಎಂಬ ಹೆಸರು ಬಂದದ್ದು ಇವರಿಂದಲೇ. ತಮಾಷೆಯೆಂದರೆ 2006ರಲ್ಲಿ ಜಪಾನಿನ ಟೋಯೆ ಸಂಸ್ಥೆ ಇದೇ ಕಥೆಯನ್ನು ನಿಜವಾದ ಅನಿಮೆಯಾಗಿ ಮಾಡಿತು. ಆಗ ಹುಡುಗಿಯರ ಕಣ್ಣುಗಳು ಚಿಕ್ಕವಾದವು.

ನಂಬಿಕೆ: ಚಿತ್ರ ಕಡಿಮೆ ಬರೆದು ಕೆಲಸ ಸಾಗಿಸುವುದು ಜಪಾನಿನಿಂದ ಬಂದ ಚಾಳಿ

ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಹಳೆಯ ಡಿಸ್ನಿ ಚಿತ್ರಗಳಿಗೆ ಪ್ರತಿ ಸೆಕೆಂಡಿಗೂ 12ರಿಂದ 24 ಚಿತ್ರ ಬರೆಯುತ್ತಿದ್ದರು. ಟೀವಿಗೆ ಅಷ್ಟು ದುಡ್ಡು ಎಲ್ಲಿಂದ ತರುವುದು? ಉಪಾಯ ಹುಡುಕಿದವರು ಅಮೆರಿಕನ್ನರೇ. ಮೊದಲು ಯುಪಿಎ ಸ್ಟುಡಿಯೊ ಸೌಂದರ್ಯದ ಕಾರಣಕ್ಕೇ ಗೆರೆ-ಚಲನೆಗಳನ್ನು ಇಳಿಸಿ 1950ರಲ್ಲಿ ‘ಜೆರಾಲ್ಡ್ ಮೆಕ್‌ಬೋಯಿಂಗ್ ಬೋಯಿಂಗ್’ ಮಾಡಿ ಆಸ್ಕರ್ ಗೆದ್ದಿತು. ಆಮೇಲೆ ಹಾನಾ–ಬಾರ್ಬೆರಾ ಸ್ಟುಡಿಯೊ ಅದನ್ನು ಪಕ್ಕಾ ಮಿತವ್ಯಯವನ್ನಾಗಿ ಮಾಡಿಕೊಂಡಿತು. ಯೋಗಿ ಕರಡಿ ಮೈಮೇಲೆ ಬೇರೆ ಬಟ್ಟೆಯಿಲ್ಲದೆ ಬರೀ ಕಾಲರ್, ಟೈ ಹಾಕಿಕೊಂಡು ಓಡಾಡುವುದು ಏಕೆ ಗೊತ್ತೇ? ಕತ್ತಿನ ಸಂದು ಮುಚ್ಚಲು. ಮೈಯ ಚಿತ್ರ ಇದ್ದಲ್ಲೇ ಇರುತ್ತದೆ, ತಲೆ ಮಾತ್ರ ಬೇರೆ ಹಾಳೆಯಲ್ಲಿ ಅಲ್ಲಾಡುತ್ತದೆ.

ತೆಜುಕಾ 1963ರ ಜನವರಿ 1ರಂದು ಆಸ್ಟ್ರೋ ಬಾಯ್ ಅನ್ನು ಟೀವಿಗೆ ತಂದಾಗ ಈ ಜಿಪುಣತನವನ್ನು ಇನ್ನಷ್ಟು ಬಿಗಿಮಾಡಿದರು. ಸೆಕೆಂಡಿಗೆ 8 ಚಿತ್ರ, ಸಾಧ್ಯವಾದರೆ ಅದಕ್ಕಿಂತಲೂ ಕಡಿಮೆ. ಒಮ್ಮೆ ಬರೆದದ್ದನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಕೆ. ವ್ಯತ್ಯಾಸ ಇರುವುದು ಮುಂದೆ. ಹಾನಾ–ಬಾರ್ಬೆರಾದಲ್ಲಿ ಚಲನೆ ಕಡಿಮೆಯಾದ ಜಾಗವನ್ನು ಮಾತು ತುಂಬಿತು, ಹಿನ್ನೆಲೆಯ ನಗು ತುಂಬಿತು. ಜಪಾನಿನಲ್ಲಿ ಅದನ್ನು ಕ್ಯಾಮರಾ ತುಂಬಿತು. ನಿಂತ ಚಿತ್ರದ ಮೇಲೆ ಕ್ಯಾಮರಾ ನಿಧಾನಕ್ಕೆ ಸರಿಯುತ್ತದೆ, ಫಕ್ಕನೆ ಕಣ್ಣಿನ ಹತ್ತಿರ ಹೋಗುತ್ತದೆ. ಒಸಾಮು ದೆಜಾಕಿ ಎಂಬ ನಿರ್ದೇಶಕರಂತೂ ಭಾವ ಉಕ್ಕುವ ಕ್ಷಣದಲ್ಲಿ ಇಡೀ ದೃಶ್ಯವನ್ನು ನಿಲ್ಲಿಸಿ, ಅದನ್ನು ಕೈಯಿಂದ ಬರೆದ ವರ್ಣಚಿತ್ರವಾಗಿಸುತ್ತಿದ್ದರು. ಅಮೆರಿಕದಿಂದ ಹೋದ ಬಡತನ ಅಲ್ಲಿ ಒಂದು ವ್ಯಾಕರಣವಾಯಿತು. ಅಮೆರಿಕ ಮುಂದೆ ಸಾಲ ತಂದದ್ದು ಈ ವ್ಯಾಕರಣವನ್ನು.

ನಂಬಿಕೆ: ಎಲ್ಲ ಶುರುವಾದದ್ದು ಪೋಕೆಮಾನ್‌ನಿಂದ

ಪೋಕೆಮಾನ್ ಅಮೆರಿಕದ ಟೀವಿಗೆ ಬಂದದ್ದು 1998ರಲ್ಲಿ. ಆಸ್ಟ್ರೋ ಬಾಯ್ ಬಂದದ್ದು 1963ರಲ್ಲೇ. ತೆಜುಕಾ ಅವರದೇ ಸಿಂಹದ ಮರಿಯ ಕಥೆ ‘ಕಿಂಬಾ’ 1966, ‘ಸ್ಪೀಡ್ ರೇಸರ್’ 1967, ‘ಸ್ಟಾರ್ ಬ್ಲೇಜರ್ಸ್’ 1979. ಮಕ್ಕಳಿಗೆ ಇವು ಜಪಾನಿನವು ಎಂಬ ಸುಳಿವೇ ಇರಲಿಲ್ಲ, ಏಕೆಂದರೆ ಹೆಸರು ಬದಲಾಗಿತ್ತು, ಹೊಡೆದಾಟಕ್ಕೆ ಕತ್ತರಿ ಬಿದ್ದಿತ್ತು. 1978ರ ‘ಬ್ಯಾಟಲ್ ಆಫ್ ದ ಪ್ಲಾನೆಟ್ಸ್’ನಲ್ಲಿ ಕತ್ತರಿಸಿದ ಭಾಗ ಎಷ್ಟಿತ್ತೆಂದರೆ, ಸಮಯ ತುಂಬಿಸಲು ಅಮೆರಿಕನ್ನರು ಒಂದು ವಾಚಾಳಿ ರೋಬೋವನ್ನು ಹೊಸದಾಗಿ ಬರೆದು ತುರುಕಿದರು. 1985ರ ‘ರೋಬೋಟೆಕ್’ ಇನ್ನೂ ವಿಚಿತ್ರ. ವಾರದ ಐದೂ ದಿನ ಹಾಕಬೇಕಾದರೆ ಕನಿಷ್ಠ 65 ಕಂತು ಬೇಕಿತ್ತು. ಅದಕ್ಕೆ ಮೂಲವಾದ ಜಪಾನಿ ಸರಣಿ ‘ಮ್ಯಾಕ್ರಾಸ್’ನಲ್ಲಿ ಇದ್ದದ್ದು 36. ಪರಸ್ಪರ ಸಂಬಂಧವೇ ಇಲ್ಲದ ಇನ್ನೆರಡು ಸರಣಿಗಳನ್ನು ಅದಕ್ಕೆ ಹೊಲಿದು, ಮೂರು ತಲೆಮಾರಿನ ಕಥೆಯೆಂದು ಹೇಳಿ, 85 ಕಂತು ಮಾಡಿಬಿಟ್ಟರು.

ನಾವೇನು ಕಡಿಮೆಯಿಲ್ಲ. ತೊಂಬತ್ತರ ದಶಕದಲ್ಲಿ ದೂರದರ್ಶನದ ಮುಂದೆ ಭಾನುವಾರ ಕೂತು, ಗುಲ್ಜಾರ್ ಬರೆದ ಹಾಡಿನೊಡನೆ ‘ಜಂಗಲ್ ಬುಕ್’ ನೋಡಿದ ಕನ್ನಡದ ಮಕ್ಕಳಲ್ಲಿ ಎಷ್ಟು ಜನಕ್ಕೆ ಆ ಮೋಗ್ಲಿ ಜಪಾನಿನ ನಿಪ್ಪಾನ್ ಅನಿಮೇಶನ್ ಸ್ಟುಡಿಯೊದ ಹುಡುಗನೆಂದು ಗೊತ್ತಿತ್ತು?

ನಂಬಿಕೆ: ಅಮೆರಿಕದ ಕಾರ್ಟೂನ್ ಅಮೆರಿಕನ್ನರು ಬರೆದದ್ದು

ಪ್ರಭಾವ ಎಂದ ಕೂಡಲೇ ಒಬ್ಬ ಕಲಾವಿದ ಇನ್ನೊಬ್ಬನ ಚಿತ್ರ ನೋಡಿ ಮರುಳಾಗುವುದನ್ನು ನಾವು ಊಹಿಸಿಕೊಳ್ಳುತ್ತೇವೆ. ಅದಕ್ಕಿಂತ ದೊಡ್ಡ ದಾರಿ ಒಂದಿತ್ತು: ಗುತ್ತಿಗೆ. ಕಥೆ, ಸಂಭಾಷಣೆ, ಧ್ವನಿ ಎಲ್ಲ ಅಮೆರಿಕದಲ್ಲಿ. ಕೂತು ಬರೆಯುವ ಕೈ ಟೋಕಿಯೊದಲ್ಲಿ.

1984ರ ‘ಟ್ರಾನ್ಸ್‌ಫಾರ್ಮರ್ಸ್’ ನೋಡಿ. ಆಟಿಕೆಗಳ ಮೂಲ ಜಪಾನಿನ ತಕಾರಾ ಕಂಪನಿಯದು, ಮಾರಿದ್ದು ಅಮೆರಿಕದ ಹ್ಯಾಸ್‌ಬ್ರೊ, ಕಾರ್ಟೂನ್ ಬರೆದುಕೊಟ್ಟದ್ದು ಟೋಯೆ. ಮೇಲೆ ಹೇಳಿದ ದೆಜಾಕಿ ಸ್ವತಃ ಅಮೆರಿಕದ ಟೀವಿಗೆ ‘ಮೈಟಿ ಆರ್‌ಬಾಟ್ಸ್’, ‘ಬಯಾನಿಕ್ ಸಿಕ್ಸ್’ ಮಾಡಿಕೊಟ್ಟಿದ್ದಾರೆ. ಅದಕ್ಕೂ ಹಿಂದೆ, 1977ರಲ್ಲಿ, ರ‍್ಯಾಂಕಿನ್–ಬಾಸ್ ಸಂಸ್ಥೆಯ ‘ದ ಹಾಬಿಟ್’ ತಯಾರಾದದ್ದು ಟೋಕಿಯೊದ ಟಾಪ್‌ಕ್ರಾಫ್ಟ್ ಎಂಬ ಸ್ಟುಡಿಯೊದಲ್ಲಿ. ಅದೇ ಟಾಪ್‌ಕ್ರಾಫ್ಟ್ 1984ರಲ್ಲಿ ಹಯಾವೊ ಮಿಯಾಜಾಕಿಯವರ ‘ನೌಸಿಕಾ’ ಮಾಡಿತು. ಮರುವರ್ಷ ಹುಟ್ಟಿದ ಘಿಬ್ಲಿ ಸ್ಟುಡಿಯೊಗೆ ಅಲ್ಲಿನ ಅನೇಕರು ಹೋದರು. ಘಿಬ್ಲಿಯ ಕೆಲವು ಕೈಗಳು ಪಳಗಿದ್ದು ಅಮೆರಿಕದ ಗುತ್ತಿಗೆಯಲ್ಲಿ ಎಂದರೆ ಅದರ ಅಭಿಮಾನಿಗಳು ನನ್ನನ್ನು ಕ್ಷಮಿಸಲಿಕ್ಕಿಲ್ಲ, ಆದರೆ ಅದು ನಿಜ.

ನನಗೆ ಎಲ್ಲಕ್ಕಿಂತ ಇಷ್ಟದ ಉದಾಹರಣೆ 1992ರ ಬ್ಯಾಟ್‌ಮ್ಯಾನ್ ಸರಣಿ. ಕಪ್ಪು ಆಕಾಶ, ಕೆಂಪು ಮೋಡ, ಬ್ಯಾಂಕಿನಲ್ಲಿ ಸ್ಫೋಟ, ಮಾಳಿಗೆಯ ಮೇಲೆ ಇಬ್ಬರು ಕಳ್ಳರು, ಮಿಂಚು. ಒಂದು ಮಾತಿಲ್ಲ, ಸರಣಿಯ ಹೆಸರೂ ಪರದೆಯ ಮೇಲೆ ಬರುವುದಿಲ್ಲ. ಈ ಆರಂಭದ ದೃಶ್ಯವನ್ನು ಬರೆದದ್ದು ಟೋಕಿಯೊದ ಟಿಎಂಎಸ್ ಸ್ಟುಡಿಯೊ. ಹಾಗಾದರೆ ಶೈಲಿ ಜಪಾನಿನದೇ? ಅಲ್ಲ. ಅದರ ಕರ್ತೃಗಳು ಮಾದರಿಯಾಗಿ ಇಟ್ಟುಕೊಂಡದ್ದು ನಲವತ್ತರ ದಶಕದ ಫ್ಲೈಷರ್ ಸ್ಟುಡಿಯೊದ ಸೂಪರ್‌ಮ್ಯಾನ್ ಕಿರುಚಿತ್ರಗಳನ್ನು. ಅದೇ ಮಾಲಿಕೆಯ 1941ರ ಒಂದು ಚಿತ್ರದಲ್ಲಿ ಬ್ಯಾಂಕು ದೋಚುವ ಹಾರುವ ರೋಬೋಗಳಿವೆ. ಆ ರೋಬೋ 1980ರಲ್ಲಿ ‘ಲುಪಿನ್’ ಸರಣಿಯ ಕೊನೆಯ ಕಂತಿನಲ್ಲಿ, ಮತ್ತೆ 1986ರ ‘ಲಾಪುಟಾ’ದಲ್ಲಿ ಮಿಯಾಜಾಕಿಯವರ ಕೈಯಲ್ಲಿ ಮರುಹುಟ್ಟು ಪಡೆಯಿತು. ಯಾರು ಯಾರಿಂದ ಪಡೆದರು ಎಂಬ ಲೆಕ್ಕ ಬರೆಯಲು ಹೊರಟವರು ಇಲ್ಲಿಗೆ ಬಂದು ಪೆನ್ನು ಕೆಳಗಿಡುತ್ತಾರೆ.

ಎಂಬತ್ತರ ದಶಕದ ಮಧ್ಯದಿಂದ ಯೆನ್ ಬೆಲೆ ಏರಿ ಜಪಾನಿನ ಕೂಲಿ ದುಬಾರಿಯಾಯಿತು, ಗುತ್ತಿಗೆ ಬರುಬರುತ್ತಾ ದಕ್ಷಿಣ ಕೊರಿಯಾ ಕಡೆ ಸರಿಯಿತು.

ನಂಬಿಕೆ: ‘ಲಯನ್ ಕಿಂಗ್’ ಎಂದರೆ ಕದ್ದ ‘ಕಿಂಬಾ’

1994ರಲ್ಲಿ ಜಪಾನಿನ ನೂರಾರು ಕಾಮಿಕ್ಸ್ ಕಲಾವಿದರು ಡಿಸ್ನಿಗೆ ಪ್ರತಿಭಟನೆಯ ಪತ್ರ ಬರೆದದ್ದು ನಿಜ. ಸಿಂಹದ ಮರಿ, ಕತ್ತೆಕಿರುಬ, ಹಿರಿಯ ಕೋತಿ, ಕಣ್ಣಿಗೆ ಗಾಯವಾದ ದುಷ್ಟ ಸಿಂಹ ಎರಡರಲ್ಲೂ ಇವೆ. ಡಿಸ್ನಿಯಲ್ಲಿ ಒಬ್ಬರಿಗೂ ಕಿಂಬಾ ಗೊತ್ತಿರಲಿಲ್ಲ ಎಂಬ ಮಾತನ್ನು ನಂಬುವುದು ನನಗೂ ಕಷ್ಟ. ಆದರೆ ಕಥೆಗೆ ಬನ್ನಿ. ತೆಜುಕಾ ಅವರ ಸಿಂಹದ ತಂದೆಯನ್ನು ಕೊಲ್ಲುವುದು ಬೇಟೆಗಾರ, ತಮ್ಮನಲ್ಲ. ಮರಿ ಹುಟ್ಟುವುದು ಹಡಗಿನಲ್ಲಿ. ಮನುಷ್ಯರ ಮಾತು ಕಲಿತು ಕಾಡಿಗೆ ಮರಳಿ, ಪ್ರಾಣಿಗಳಿಗೆ ಬೇಸಾಯ ಕಲಿಸಿ ನಾಗರಿಕತೆ ಕಟ್ಟಲು ಹೊರಡುತ್ತದೆ. ಲಯನ್ ಕಿಂಗ್ ‘ಹ್ಯಾಮ್ಲೆಟ್’ನ ಎಲುಬಿನ ಮೇಲೆ ನಿಂತ ಕಥೆ. ಇನ್ನು, ಪಕ್ಕಪಕ್ಕದಲ್ಲಿಟ್ಟು ‘ನೋಡಿ ಕಳ್ಳತನ’ ಎಂದು ತೋರಿಸುವ ಚಿತ್ರಗಳಲ್ಲಿ ಕೆಲವು ಕಿಂಬಾ ಕಥೆಯದೇ ಆದ 1997ರ ‘ಜಂಗಲ್ ಎಂಪರರ್ ಲಿಯೊ’ ಚಲನಚಿತ್ರದವು, ಅಂದರೆ ಲಯನ್ ಕಿಂಗ್ ಬಂದು ಮೂರು ವರ್ಷದ ಮೇಲಿನವು! ತೆಜುಕಾ ಸಂಸ್ಥೆ ಮೊಕದ್ದಮೆ ಹೂಡಲಿಲ್ಲ. ಬ್ಯಾಂಬಿಯ ಭಕ್ತರ ಸಂಸ್ಥೆ ತಾನೆ.

ನಂಬಿಕೆ: ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ ಒಂದು ಅನಿಮೆ

2005ರಲ್ಲಿ ನಿಕಲೋಡಿಯನ್‌ಗಾಗಿ ಇದನ್ನು ಕಟ್ಟಿದವರು ಮೈಕೆಲ್ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೊ ಎಂಬ ಇಬ್ಬರು ಅಮೆರಿಕನ್ನರು. ಚಲನೆ ಬರೆದದ್ದು ಕೊರಿಯಾದ ಸ್ಟುಡಿಯೊಗಳು. ಹೊಡೆದಾಟವೆಲ್ಲ ಚೀನಾದ ಸಮರಕಲೆ: ನೀರನ್ನು ಪಳಗಿಸುವವರಿಗೆ ತೈ ಚಿ, ನೆಲವನ್ನು ಪಳಗಿಸುವವರಿಗೆ ಹಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗುವಾ. ಒಂದು ಕಂತಿನಲ್ಲಿ ಗುರು ಪಥಿಕ್ ಎಂಬ ಮುದುಕ ಏಳು ಚಕ್ರಗಳ ಪಾಠ ಹೇಳುತ್ತಾನೆ. ಇದರಲ್ಲಿ ಜಪಾನ್ ಎಲ್ಲಿದೆ?

ಇದೆ. ಈ ಸರಣಿಯ ನಿರ್ದೇಶಕರಲ್ಲೊಬ್ಬರಾದ ಜಿಯಾನ್‌ಕಾರ್ಲೊ ವೋಲ್ಪೆ, ‘ಫೂಲಿ ಕೂಲಿ’ ಎಂಬ ಜಪಾನಿ ಸರಣಿಯನ್ನು ಕೊಂಡು ಪೂರ್ತಿ ನೋಡಬೇಕೆಂದು ಸಿಬ್ಬಂದಿಗೆಲ್ಲ ಆಜ್ಞೆಯಾಗಿತ್ತೆಂದು ಹೇಳಿಕೊಂಡಿದ್ದಾರೆ. ಅದರಿಂದ ಅವರು ಕಲಿಯಬೇಕಿದ್ದದ್ದು ಕಣ್ಣಿನ ಅಳತೆಯನ್ನಲ್ಲ. ದೃಶ್ಯವನ್ನು ಎಲ್ಲಿ ಕತ್ತರಿಸಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನು. 2001ರಲ್ಲಿ ಗೆಂಡಿ ಟಾರ್ಟಕೋವ್‌ಸ್ಕಿ ‘ಸಮುರಾಯ್ ಜ್ಯಾಕ್’ನಲ್ಲಿ ಇದನ್ನು ಮಾಡಿಯೇ ತೋರಿಸಿದ್ದರು. ಅಲ್ಲಿ ಪಾತ್ರಗಳ ಸುತ್ತ ಗೆರೆಯೇ ಇಲ್ಲ, ಆ ನೋಟ ಯುಪಿಎ ಕಾಲದ ಅಮೆರಿಕದ್ದು. ಆದರೆ ಒಂದು ಕಂತಿನಲ್ಲಿ ಮೂವರು ಕುರುಡು ಬಿಲ್ಲುಗಾರರನ್ನು ಎದುರಿಸಲು ಜ್ಯಾಕ್ ತನ್ನ ಕಣ್ಣಿಗೇ ಬಟ್ಟೆ ಕಟ್ಟಿಕೊಂಡು ಹಿಮದಲ್ಲಿ ಕೂತು, ಬರೀ ಸದ್ದು ಕೇಳಿಸಿಕೊಳ್ಳುವುದನ್ನು ಕಲಿಯುತ್ತಾನೆ. ನಿಮಿಷಗಟ್ಟಲೆ ಮಾತಿಲ್ಲ. ಮಕ್ಕಳ ಚಾನೆಲ್ಲಿನಲ್ಲಿ ಇಷ್ಟು ಮೌನ ಇಡುವ ಧೈರ್ಯ ಬಂದದ್ದು ಕುರೊಸಾವಾ ಸಿನಿಮಾಗಳಿಂದ, ‘ಲೋನ್ ವುಲ್ಫ್ ಆ್ಯಂಡ್ ಕಬ್’ ಕಾಮಿಕ್ಸಿನಿಂದ.

ಜಪಾನಿನಿಂದ ಕಲಿತ ಎರಡನೆಯ ಪಾಠ, ಮುಂದುವರಿಯುವ ಕಥೆ. ಅಮೆರಿಕದ ಚಾನೆಲ್ಲುಗಳಿಗೆ ಯಾವ ಕಂತನ್ನು ಯಾವಾಗ ಬೇಕಾದರೂ ಹಾಕುವಂತಿರಬೇಕಿತ್ತು, ಹಾಗಾಗಿ ಅರ್ಧ ಗಂಟೆ ಮುಗಿಯುವಷ್ಟರಲ್ಲಿ ಎಲ್ಲ ಮೊದಲಿನಂತಾಗುತ್ತಿತ್ತು. 1998ರಿಂದ ಕಾರ್ಟೂನ್ ನೆಟ್‌ವರ್ಕ್‌ನ ಟೂನಾಮಿಯಲ್ಲಿ ದಿನಾ ಸಂಜೆ ‘ಡ್ರ್ಯಾಗನ್ ಬಾಲ್ ಜೀ’ ಬರತೊಡಗಿದಾಗ, ಒಂದೇ ಕಾಳಗ ವಾರಗಟ್ಟಲೆ ನಡೆದರೂ ಹುಡುಗರು ಕಾದು ಕೂತರು. ಅವತಾರ್ 61 ಕಂತಿನ ಒಂದೇ ಕಥೆಯಾಗಲು ಸಾಧ್ಯವಾದದ್ದು ಇದರ ನಂತರ. ಅದರಲ್ಲಿ ರಾಜಕುಮಾರ ಜುಕೋ ಎರಡನೆಯ ಸೀಸನ್ನಿನ ಕೊನೆಗೆ ಸರಿದಾರಿಗೆ ಬಂದೇಬಿಟ್ಟ ಅನ್ನುವಷ್ಟರಲ್ಲಿ, ತನ್ನನ್ನು ಸಾಕಿದ ದೊಡ್ಡಪ್ಪನಿಗೇ ಬೆನ್ನು ತಿರುಗಿಸುತ್ತಾನೆ. ಮಾಡಿದ ತಪ್ಪು ಮರುವಾರಕ್ಕೆ ಅಳಿಸಿಹೋಗುವುದಿಲ್ಲ. ದೊಡ್ಡಪ್ಪ ಜೈಲಿಗೆ ಹೋಗುತ್ತಾನೆ, ಹುಡುಗ ಮುಂದಿನ ಸೀಸನ್ ಪೂರ್ತಿ ಅದನ್ನು ಹೊತ್ತು ತಿರುಗುತ್ತಾನೆ.